ಪಿರೇಯಸ್: ಹಡಗಿನವನೇ ಬಂದರಿನ ಒಡೆಯನಾದ ಕಥೆ

2007ರಲ್ಲಿ ಗ್ರೀಸ್‌ನ ರಾಜಧಾನಿ ಅಥೆನ್ಸ್ ಪಕ್ಕದ ಪಿರೇಯಸ್ ಬಂದರು ಸುಮಾರು 13.7 ಲಕ್ಷ ಟಿಇಯು ಸರಕನ್ನು ನಿಭಾಯಿಸಿತ್ತು. ಮರುವರ್ಷ ಅದು 4.33 ಲಕ್ಷಕ್ಕೆ ಕುಸಿಯಿತು. ಟಿಇಯು ಅಂದರೆ ಇಪ್ಪತ್ತು ಅಡಿ ಉದ್ದದ ಒಂದು ಕಂಟೇನರ್‌ನ ಲೆಕ್ಕ. ಲಾರಿಗಳ ಮೇಲೆ ಸಾಮಾನ್ಯವಾಗಿ ಕಾಣುವ ನಲವತ್ತು ಅಡಿಯ ಪೆಟ್ಟಿಗೆ ಎರಡು ಟಿಇಯು. ಅಂತೂ ಒಂದೇ ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ವ್ಯವಹಾರ ಕೈಜಾರಿತ್ತು.

ಇದನ್ನು 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿನ ಲೆಕ್ಕಕ್ಕೆ ಬರೆದುಬಿಡುವುದು ಸುಲಭ, ಆದರೆ ತಪ್ಪು. ಬಿಕ್ಕಟ್ಟಿಗೆ ಕಿಡಿ ಹೊತ್ತಿಸಿದ ಅಮೆರಿಕದ ಬ್ಯಾಂಕ್ ಲೀಮನ್ ಬ್ರದರ್ಸ್ ಮುಳುಗಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಪಿರೇಯಸ್ ಅದಕ್ಕೂ ಮೊದಲೇ ಖಾಲಿಯಾಗತೊಡಗಿತ್ತು. ಕಂಟೇನರ್ ಧಕ್ಕೆಗಳನ್ನು ಖಾಸಗಿಯವರಿಗೆ ಕೊಡುತ್ತಾರೆಂಬ ಸುದ್ದಿಗೆ ಕಾರ್ಮಿಕರು ಓವರ್‌ಟೈಮ್ ನಿಲ್ಲಿಸಿದರು, ಮುಷ್ಕರ ಹೂಡಿದರು. ಹಡಗು ಕಂಪನಿಗಳು ಕಾದು ಕೂರಲಿಲ್ಲ, ಬೇರೆ ಬಂದರು ಹಿಡಿದವು.

ಅದೇ ಪಿರೇಯಸ್ 2019ರಲ್ಲಿ 56.5 ಲಕ್ಷ ಟಿಇಯು ನಿಭಾಯಿಸಿ ಮೆಡಿಟರೇನಿಯನ್ ಸಮುದ್ರದ ಮೊದಲ ಕಂಟೇನರ್ ಬಂದರಾಯಿತು, ಯುರೋಪಿನಲ್ಲಿ ನಾಲ್ಕನೆಯದಾಯಿತು. ಈ ಹನ್ನೊಂದು ವರ್ಷಗಳ ಕಥೆಯನ್ನು ಎರಡು ರೀತಿ ಹೇಳುವವರಿದ್ದಾರೆ. ಚೀನಾದ ಹಣ ಬಂತು, ಹೊಸ ಕ್ರೇನ್ ಬಂತು, ಬಂದರು ಉದ್ಧಾರವಾಯಿತು ಅನ್ನುವುದು ಒಂದು. ಸಾಲದಲ್ಲಿ ಮುಳುಗಿದ ದೇಶ ತನ್ನ ಹೆಬ್ಬಾಗಿಲನ್ನೇ ಮಾರಿಕೊಂಡಿತು ಅನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ನನಗೆ ಮುಖ್ಯವೆನಿಸುವುದು ಬೇರೆ: ಪಿರೇಯಸ್‌ನಲ್ಲಿ ಕ್ರೇನ್ ಬಂದದ್ದರಿಂದ ಹಡಗು ಬರಲಿಲ್ಲ, ಹಡಗುಳ್ಳವನು ಬಂದದ್ದರಿಂದ ಕ್ರೇನ್ ಬಂತು. ಟರ್ಮಿನಲ್ ಹೂಡಿಕೆಯ ಲೆಕ್ಕವೆಲ್ಲ ಈ ಹಿಂದುಮುಂದಿನಲ್ಲಿದೆ.

ಇಂದು ಬಂದು ನಾಳೆ ಹೋಗುವ ಸರಕು

ಮೊದಲು ಸರಕಿನ ಸ್ವಭಾವ ನೋಡಬೇಕು. ಬಂದರಿಗೆ ಬರುವ ಕಂಟೇನರ್‌ಗಳಲ್ಲಿ ಎರಡು ಜಾತಿ. ಒಂದು, ಆ ದೇಶದ ಒಳನಾಡಿಗೆ ಹೋಗುವಂಥದ್ದು ಅಥವಾ ಅಲ್ಲಿಂದ ಹೊರಡುವಂಥದ್ದು. ಇದಕ್ಕೆ ಬಂದರು ಬದಲಿಸುವುದು ಕಷ್ಟ. ಅಥೆನ್ಸ್‌ನ ಅಂಗಡಿಗೆ ಬರಬೇಕಾದ ಮಾಲು ಹೇಗೂ ಅಥೆನ್ಸ್‌ಗೇ ಬರಬೇಕು. ಇನ್ನೊಂದು, ದೊಡ್ಡ ಹಡಗಿನಿಂದ ಇಳಿದು, ಯಾರ್ಡ್‌ನಲ್ಲಿ ಒಂದೆರಡು ದಿನ ಕೂತು, ಚಿಕ್ಕ ಫೀಡರ್ ಹಡಗು ಹತ್ತಿ ಮತ್ತೊಂದು ದೇಶಕ್ಕೆ ಹೋಗುವ ಟ್ರಾನ್ಸ್‌ಶಿಪ್‌ಮೆಂಟ್ ಸರಕು. ಶಾಂಘೈನಿಂದ ಹೊರಟ ಪೆಟ್ಟಿಗೆ ಪಿರೇಯಸ್‌ನಲ್ಲಿ ಇಳಿದು ಇಸ್ತಾಂಬುಲ್‌ಗೋ ಕಪ್ಪು ಸಮುದ್ರದ ಯಾವುದೋ ಬಂದರಿಗೋ ಹೋಗುವುದು ಹೀಗೆ. ಈ ಎರಡನೇ ಜಾತಿಗೆ ಯಾವ ಬಂದರೂ ತವರಲ್ಲ. ಲೈನ್‌ನ, ಅಂದರೆ ಹಡಗು ಕಂಪನಿಯ, ಕಚೇರಿಯಲ್ಲಿ ವೇಳಾಪಟ್ಟಿ ತಿದ್ದಿದರೆ ಮುಗಿಯಿತು, ಮುಂದಿನ ತಿಂಗಳು ಅದು ಮಾಲ್ಟಾದಲ್ಲಿ ಇಳಿಯುತ್ತದೆ.

ಪಿರೇಯಸ್‌ನ ಬಹುಪಾಲು ವ್ಯವಹಾರ ಇದೇ ಜಾತಿಯದು. ಸೂಯೆಜ್ ಕಾಲುವೆ ದಾಟಿ ಉತ್ತರಕ್ಕೆ ಬರುವ ಹಡಗಿಗೆ ಇದು ಯುರೋಪಿನ ಮೊದಲ ದೊಡ್ಡ ನಿಲ್ದಾಣಗಳಲ್ಲಿ ಒಂದು. ಜಿಬ್ರಾಲ್ಟರ್ ಸುತ್ತಿ ರಾಟರ್‌ಡ್ಯಾಮ್‌ಗೋ ಹ್ಯಾಂಬರ್ಗ್‌ಗೋ ಹೋಗುವುದಕ್ಕಿಂತ ಹಲವು ದಿನ ಮೊದಲೇ ಇಲ್ಲಿ ಸರಕು ಇಳಿಸಬಹುದು. ಜಾಗ ಒಳ್ಳೆಯದು, ನಿಜ. ಆದರೆ 2008ರಲ್ಲೂ ಜಾಗ ಅಲ್ಲೇ ಇತ್ತಲ್ಲ!

ಈ ಸರಕು ಎಷ್ಟು ನಿಷ್ಕರುಣಿ ಎಂಬುದಕ್ಕೆ ಇಟಲಿಯ ತಾರಾಂತೊ ಬಂದರು ಸಾಕ್ಷಿ. ತೈವಾನ್‌ನ ಎವರ್‌ಗ್ರೀನ್ ಕಂಪನಿಯನ್ನೇ ನಂಬಿಕೊಂಡಿದ್ದ ಅಲ್ಲಿನ ಕಂಟೇನರ್ ಟರ್ಮಿನಲ್‌ನಲ್ಲಿ ಹೂಳೆತ್ತುವ, ಧಕ್ಕೆ ಬಲಪಡಿಸುವ ಕೆಲಸ ವರ್ಷಗಟ್ಟಲೆ ಎಳೆಯಿತು. ಎವರ್‌ಗ್ರೀನ್ ಹಡಗುಗಳು ಪಿರೇಯಸ್ ಕಡೆ ತಿರುಗಿದವು. 2015ರಲ್ಲಿ ಟರ್ಮಿನಲ್ ಕಂಪನಿಯೇ ಬಾಗಿಲು ಹಾಕಿತು. ಕ್ರೇನ್‌ಗಳು ನಿಂತಲ್ಲೇ ನಿಂತಿದ್ದವು.

ಒಂದು ದೇಶ, ಎರಡು ಟೆಂಡರ್

2008ರಲ್ಲಿ ಗ್ರೀಸ್ ತನ್ನ ಎರಡು ಪ್ರಮುಖ ಬಂದರುಗಳಾದ ಪಿರೇಯಸ್ ಮತ್ತು ಥೆಸಲೊನೀಕಿಯ ಕಂಟೇನರ್ ಧಕ್ಕೆಗಳಿಗೆ ಟೆಂಡರ್ ಕರೆಯಿತು. ಪಿರೇಯಸ್‌ನಲ್ಲಿ ಗೆದ್ದದ್ದು ಚೀನಾ ಸರ್ಕಾರದ ಒಡೆತನದ ಕಾಸ್ಕೊ ಸಮೂಹದ ಬಂದರು ಕಂಪನಿ. ಸೋತದ್ದು ಹಾಂಗ್‌ಕಾಂಗ್‌ನ ಹಚಿಸನ್, ಜಗತ್ತಿನ ಅತಿ ಅನುಭವಿ ಟರ್ಮಿನಲ್ ನಿರ್ವಾಹಕರಲ್ಲಿ ಒಂದು. ಥೆಸಲೊನೀಕಿಯನ್ನು ಗೆದ್ದದ್ದು ಅದೇ ಹಚಿಸನ್.

ಅಷ್ಟರಲ್ಲಿ ಬಿಕ್ಕಟ್ಟು ಬಂತು. ಜಗತ್ತಿನ ವ್ಯಾಪಾರ ಇಳಿಯತೊಡಗಿತು, ಎರಡೂ ಊರುಗಳಲ್ಲಿ ಕಾರ್ಮಿಕರ ವಿರೋಧ ಕಾವೇರಿತ್ತು. ಹಚಿಸನ್ ಲೆಕ್ಕ ಹಾಕಿ ಥೆಸಲೊನೀಕಿಯಿಂದ ಹಿಂದೆ ಸರಿಯಿತು. ಕಾಸ್ಕೊ ಸರಿಯಲಿಲ್ಲ. 2008ರ ನವೆಂಬರ್‌ನಲ್ಲಿ ಚೀನಾದ ಅಧ್ಯಕ್ಷ ಹು ಜಿಂಟಾವೊ ಅಥೆನ್ಸ್‌ಗೆ ಬಂದಿದ್ದಾಗ ಒಪ್ಪಂದಕ್ಕೆ ಸಹಿ ಬಿತ್ತು.

ಒಂದೇ ದೇಶ, ಒಂದೇ ವರ್ಷ, ಒಂದೇ ಬಿಕ್ಕಟ್ಟು. ಒಬ್ಬರಿಗೆ ಕೈಸುಡುವಂತೆ ಕಂಡದ್ದು ಇನ್ನೊಬ್ಬರಿಗೆ ಸಾಧ್ಯವೆನಿಸಿದ್ದೇಕೆ? ಚೀನಾದ ರಾಜಕೀಯ ಮಹತ್ವಾಕಾಂಕ್ಷೆ ಅನ್ನುವುದು ತಕ್ಷಣ ಹೊಳೆಯುವ ಉತ್ತರ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ವ್ಯಾಪಾರದ ಲೆಕ್ಕದಲ್ಲೇ ಒಂದು ಉತ್ತರವಿದೆ. ಹಚಿಸನ್ ಸಮೂಹ ಟರ್ಮಿನಲ್ ನಡೆಸುತ್ತದೆ, ಕಂಟೇನರ್ ಲೈನ್ ನಡೆಸುವುದಿಲ್ಲ. ಯಾರ್ಡ್ ಕಟ್ಟಿದ ಮೇಲೆ ಅದು ಲೈನ್‌ಗಳ ಬಾಗಿಲು ತಟ್ಟಬೇಕು. ಕಾಸ್ಕೊಗೆ ಸ್ವಂತ ಹಡಗುಗಳಿದ್ದವು. ಜಗತ್ತಿನ ಸರಕು ಅರ್ಧಕ್ಕಿಳಿದರೂ ತನ್ನ ಪಾಲಿನದನ್ನು ಎಲ್ಲಿ ಇಳಿಸಬೇಕೆಂಬುದು ತನ್ನದೇ ತೀರ್ಮಾನ. ಟರ್ಮಿನಲ್ ಹೂಡಿಕೆಯ ಅತಿ ದೊಡ್ಡ ಅಪಾಯವೆಂದರೆ ಸರಕು ಬರುತ್ತದೋ ಇಲ್ಲವೋ ಎಂಬುದು. ಅದು ಕಾಸ್ಕೊಗೆ ಮಾರುಕಟ್ಟೆಯ ಪ್ರಶ್ನೆಯಾಗಿರಲಿಲ್ಲ, ಮನೆಯೊಳಗಿನ ವೇಳಾಪಟ್ಟಿಯ ಪ್ರಶ್ನೆಯಾಗಿತ್ತು.

ಒಪ್ಪಂದದ ಪ್ರಕಾರ 2ನೇ ಮತ್ತು 3ನೇ ಧಕ್ಕೆಗಳು 35 ವರ್ಷಕ್ಕೆ ಗುತ್ತಿಗೆ. 2ನೆಯದನ್ನು ಆಧುನೀಕರಿಸಬೇಕು, 3ನೆಯದನ್ನು ಕಟ್ಟಬೇಕು. ಮುಂಗಡ 5 ಕೋಟಿ ಯೂರೊ, ಆಮೇಲೆ ವರ್ಷ ವರ್ಷ ಬಾಡಿಗೆ, ಜೊತೆಗೆ ಆದಾಯದಲ್ಲಿ ಪಾಲು. ಪತ್ರಿಕೆಗಳಲ್ಲಿ ಮುನ್ನೂರು ಕೋಟಿ ಯೂರೊ ಮೀರಿದ ಒಪ್ಪಂದ ಎಂಬ ತಲೆಬರಹ ಬಂತು. ಅದೇ ಒಪ್ಪಂದದ ವರ್ತಮಾನ ಮೌಲ್ಯವನ್ನು ಅಂದು ಲೆಕ್ಕ ಹಾಕಿದ್ದು ಸುಮಾರು 49 ಕೋಟಿ ಯೂರೊ. ಎರಡರಲ್ಲೂ ಸುಳ್ಳಿಲ್ಲ. ಮೂವತ್ತು ವರ್ಷದ ಆಚೆ ಕೈಸೇರುವ ಒಂದು ಯೂರೊ ಇಂದಿಗೆ ಕೆಲವೇ ಸೆಂಟ್‌ಗಳಷ್ಟು ಬೆಲೆ ಬಾಳುತ್ತದೆ, ಅಷ್ಟೇ. ಬಂದರು ಗುತ್ತಿಗೆಯ ಸುದ್ದಿ ಓದುವಾಗ ಮೊತ್ತದ ಪಕ್ಕದಲ್ಲಿ ವರ್ಷಗಳ ಲೆಕ್ಕ ಇದೆಯೇ ಎಂದು ನೋಡಿಕೊಳ್ಳದಿದ್ದರೆ ಮೋಸ ಹೋಗುವುದು ಗ್ಯಾರಂಟಿ.

ಇಲ್ಲಿ ಗ್ರೀಸ್ ಒಂದು ಜಾಣತನ ತೋರಿತ್ತು. 1ನೇ ಧಕ್ಕೆಯನ್ನು ಬಂದರು ಪ್ರಾಧಿಕಾರದ ಕಂಪನಿಯಾದ ಒಎಲ್‌ಪಿ ತನ್ನಲ್ಲೇ ಉಳಿಸಿಕೊಂಡಿತು. 2010ರಲ್ಲಿ ಸುಮಾರು ಹತ್ತು ಲಕ್ಷ ಟಿಇಯು ಸಾಮರ್ಥ್ಯದೊಂದಿಗೆ ಅದು ಕೆಲಸಕ್ಕೆ ಬಂತು. ಒಂದೇ ಬಂದರಿನಲ್ಲಿ ಒಂದೆಡೆ ಸರ್ಕಾರಿ ಹಿಡಿತದ ಟರ್ಮಿನಲ್, ಪಕ್ಕದಲ್ಲೇ ಕಾಸ್ಕೊದ ಅಂಗಸಂಸ್ಥೆ ಪಿಸಿಟಿ ನಡೆಸುವ ಟರ್ಮಿನಲ್. ಹಳೇ ಗ್ರಾಹಕರಿಗೆ ಆಯ್ಕೆ ಇತ್ತು, ಸರ್ಕಾರಕ್ಕೆ ಹೋಲಿಸಿ ನೋಡಲು ಅಳತೆಗೋಲಿತ್ತು. ಈ ಅಳತೆಗೋಲು ಎಂಟು ವರ್ಷವೂ ಉಳಿಯಲಿಲ್ಲ.

ಹಡಗು ಬೆಳೆದದ್ದಕ್ಕೆ ಧಕ್ಕೆ ಬೆಳೆದದ್ದು

ಪಿಸಿಟಿ 2009ರ ಅಕ್ಟೋಬರ್ 1ರಂದು ಧಕ್ಕೆ ವಹಿಸಿಕೊಂಡಿತು. ಮೂರೇ ದಿನಕ್ಕೆ ಚುನಾವಣೆ ನಡೆದು, ಒಪ್ಪಂದವನ್ನು ವಿರೋಧಿಸಿದ್ದ ಪಕ್ಷವೇ ಅಧಿಕಾರಕ್ಕೆ ಬಂತು. ಕಾರ್ಮಿಕರ ಮುಷ್ಕರ ವಾರಗಟ್ಟಲೆ ನಡೆಯಿತು. ಹೊಸ ಸರ್ಕಾರ ಕೊನೆಗೆ ಒಪ್ಪಂದವನ್ನು ಉಳಿಸಿಕೊಂಡಿತು. ಆರು ವರ್ಷದ ನಂತರ ಇನ್ನೊಂದು ಸರ್ಕಾರ ಇದೇ ದಾರಿ ತುಳಿಯಲಿತ್ತು.

ಆಧುನೀಕರಣ ಎಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 2006ರಲ್ಲಿ ನೀರಿಗಿಳಿದ ಎಮ್ಮಾ ಮರ್ಸ್ಕ್ ಹಡಗು 397 ಮೀಟರ್ ಉದ್ದವಿತ್ತು. ಅದರ ಮೇಲೆ ಅಡ್ಡಲಾಗಿ 22 ಸಾಲು ಪೆಟ್ಟಿಗೆ ಕೂರುತ್ತಿದ್ದವು. ಇವತ್ತಿನ ಅತಿ ದೊಡ್ಡ ಹಡಗುಗಳು 400 ಮೀಟರ್ ಉದ್ದ, 61 ಮೀಟರ್ ಅಗಲ, 24 ಸಾಲು. ಧಕ್ಕೆಯಲ್ಲಿ ನಿಂತ ಕ್ರೇನ್‌ನ ತೋಳು ಕೊನೇ ಸಾಲನ್ನು ಮುಟ್ಟದಿದ್ದರೆ ಹಡಗು ಬಂದೂ ಪ್ರಯೋಜನವಿಲ್ಲ. ತೋಳು ಉದ್ದವಾದರೆ ಕ್ರೇನ್ ಭಾರವಾಗುತ್ತದೆ. ಕ್ರೇನ್ ಭಾರವಾದರೆ ಅದರ ಹಳಿ ತಡೆಯುವಂತೆ ಧಕ್ಕೆಯ ಗೋಡೆಯನ್ನೇ ಗಟ್ಟಿ ಮಾಡಬೇಕು. ತುಂಬಿದ ಹಡಗು ನೀರಿನಲ್ಲಿ ಸುಮಾರು 16 ಮೀಟರ್ ಮುಳುಗುವುದರಿಂದ ಗೋಡೆಯ ಬುಡದಲ್ಲಿ ಆಳವೂ ಬೇಕು. ಆಳ ಮಾಡಲು ಹೋದರೆ ಹಳೇ ಗೋಡೆಯ ಪಾಯ ಸಡಿಲವಾಗುತ್ತದೆ. ಒಂದು ಕ್ರೇನ್ ಬದಲಿಸಲು ಹೊರಟವರು ಕಡೆಗೆ ಇಡೀ ಧಕ್ಕೆ ಕಟ್ಟಿ ಮುಗಿಸುವುದು ಹೀಗೆ. ಇಷ್ಟೆಲ್ಲ ನಡೆಯುವಾಗ ಟರ್ಮಿನಲ್ ಮುಚ್ಚುವಂತಿಲ್ಲ, ಒಂದು ಬದಿಯಲ್ಲಿ ಹಡಗು ಬರುತ್ತಲೇ ಇರಬೇಕು.

ಧಕ್ಕೆಯ ಕ್ರೇನ್ ಒಂದು ಗಂಟೆಗೆ 25-30 ಪೆಟ್ಟಿಗೆ ಎತ್ತಿದರೆ ಒಳ್ಳೆಯ ಕೆಲಸ ಎನ್ನುತ್ತಾರೆ. ಒಂದು ಹಡಗಿನಲ್ಲಿ 5,000 ಪೆಟ್ಟಿಗೆಗಳ ಇಳಿತ ಏರಿಕೆ ಇದೆ ಎಂದುಕೊಳ್ಳಿ. ಐದು ಕ್ರೇನ್ ಹಚ್ಚಿ ತಲಾ 25ರಂತೆ ಎತ್ತಿದರೆ 40 ಗಂಟೆ ಬೇಕು. 30ಕ್ಕೇರಿಸಿದರೆ ಸುಮಾರು 33 ಗಂಟೆ. ಉಳಿದ ಏಳು ಗಂಟೆಯಲ್ಲಿ ಹಡಗು ಮುಂದಿನ ಬಂದರಿಗೆ ಸ್ವಲ್ಪ ನಿಧಾನವಾಗಿ ಸಾಗಬಹುದು, ಅಷ್ಟು ಇಂಧನ ಉಳಿಯುತ್ತದೆ. ಲೈನ್‌ಗಳು ಟರ್ಮಿನಲ್‌ಗಳನ್ನು ತೂಗುವುದು ಈ ತಕ್ಕಡಿಯಲ್ಲಿ. ಆದರೆ ಕ್ರೇನ್ ಎಷ್ಟೇ ಚುರುಕಾಗಿದ್ದರೂ ಹಿಂದಿನ ಯಾರ್ಡ್‌ನಲ್ಲಿ ಪೆಟ್ಟಿಗೆ ಇಡಲು ಜಾಗ ಸಿಗದಿದ್ದರೆ, ಬೇಕಾದ ಪೆಟ್ಟಿಗೆ ನಾಲ್ಕರ ಅಡಿಯಲ್ಲಿ ಹೂತಿದ್ದರೆ, ಎಲ್ಲ ಲೆಕ್ಕವೂ ತಲೆಕೆಳಗು. ಹೊರಗಿನವರ ಕಣ್ಣು ಎತ್ತರದ ಕ್ರೇನ್ ಮೇಲೆ, ಟರ್ಮಿನಲ್ ನಡೆಸುವವರ ನಿದ್ದೆ ಕೆಡಿಸುವುದು ಯಾರ್ಡ್.

3ನೇ ಧಕ್ಕೆಯ ಪೂರ್ವ ಬದಿ 2013ರ ಹೊತ್ತಿಗೆ ತಯಾರಾಯಿತು. ಪಶ್ಚಿಮ ಬದಿಗಾಗಿ 2014ರ ಕೊನೆಗೆ ಪೂರಕ ಒಪ್ಪಂದವಾಯಿತು. ಇಡೀ ಬಂದರಿನ ಸರಕು 2012ರಲ್ಲಿ 27 ಲಕ್ಷ ಟಿಇಯು, 2014ರಲ್ಲಿ ಸುಮಾರು 36 ಲಕ್ಷ. ಗ್ರೀಸ್‌ನ ಸ್ವಂತ ಆರ್ಥಿಕತೆ ಆ ವರ್ಷಗಳಲ್ಲಿ ಪಾತಾಳಕ್ಕಿಳಿದಿತ್ತು ಎಂಬುದನ್ನು ನೆನಪಿಡಬೇಕು. ಬಂದರಿನ ಕಾಂಪೌಂಡ್ ಒಳಗೆ ದಾಖಲೆಗಳ ಮೇಲೆ ದಾಖಲೆ, ಹೊರಗೆ ಮುಚ್ಚುತ್ತಿರುವ ಅಂಗಡಿಗಳು. ಇದೇನು ವಿರೋಧಾಭಾಸ ಎಂದು ಆಗ ಬರೆದವರು ಹಲವರು. ಟ್ರಾನ್ಸ್‌ಶಿಪ್‌ಮೆಂಟ್ ಸರಕಿಗೂ ಕಾಂಪೌಂಡ್ ಆಚೆಯ ಊರಿಗೂ ನಂಟೇ ಕಡಿಮೆ. ಒಂದು ಏರಿ ಇನ್ನೊಂದು ಇಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಪಿಸಿಟಿಗೆ ಗ್ರೀಸ್ ಕೊಟ್ಟಿದ್ದ ಕೆಲವು ತೆರಿಗೆ ವಿನಾಯಿತಿಗಳು ಅಕ್ರಮ ಸರ್ಕಾರಿ ನೆರವು, ಅದನ್ನು ವಸೂಲು ಮಾಡಿ ಎಂದು 2015ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಆದೇಶಿಸಿತು.

ಬಾಡಿಗೆದಾರನೇ ಮನೆ ಮಾಲೀಕ

2015ರ ಜನವರಿಯಲ್ಲಿ ಅಲೆಕ್ಸಿಸ್ ಸಿಪ್ರಾಸ್ ಸರ್ಕಾರ ಬಂದ ಕೂಡಲೇ ಪಿರೇಯಸ್ ಮಾರಾಟ ನಿಲ್ಲಿಸುವ ಮಾತಾಡಿತು. ಅದೇ ಬೇಸಿಗೆಯಲ್ಲಿ ಮೂರನೇ ಸಾಲದ ಪ್ಯಾಕೇಜ್‌ಗೆ ಅಂಗಲಾಚಬೇಕಾಗಿ ಬಂತು, ಖಾಸಗೀಕರಣ ಅದರ ಷರತ್ತುಗಳಲ್ಲಿ ಒಂದಾಯಿತು. 2016ರ ಏಪ್ರಿಲ್‌ನಲ್ಲಿ ಸಹಿ ಹಾಕಿದ್ದೂ ಇದೇ ಸರ್ಕಾರ. ಅಂತಿಮವಾಗಿ ಬಿಡ್ ಮಾಡಿದ್ದು ಕಾಸ್ಕೊ ಒಂದೇ. ಕೊಳ್ಳುವವನು ಒಬ್ಬನೇ, ಮಾರುವವನಿಗೆ ಅವಸರ. ಚೌಕಾಸಿ ಹೇಗೆ ನಡೆದೀತೆಂದು ವಿವರಿಸಬೇಕಿಲ್ಲ.

ಈ ಸಲ ಮಾರಿದ್ದು ಧಕ್ಕೆಯ ಗುತ್ತಿಗೆಯನ್ನಲ್ಲ, ಬಂದರು ಪ್ರಾಧಿಕಾರದ ಷೇರುಗಳನ್ನು. ಷೇರಿಗೆ 22 ಯೂರೊ ದರದಲ್ಲಿ ಒಎಲ್‌ಪಿಯ ಶೇ 51ರಷ್ಟು ಪಾಲಿಗೆ 28.05 ಕೋಟಿ ಯೂರೊ. ಐದು ವರ್ಷದೊಳಗೆ ಸುಮಾರು 29.4 ಕೋಟಿ ಯೂರೊ ಮೌಲ್ಯದ ಕಡ್ಡಾಯ ಹೂಡಿಕೆ ಮುಗಿಸಿದರೆ ಇನ್ನೂ ಶೇ 16, ಅದಕ್ಕೆ 8.8 ಕೋಟಿ. ಒಎಲ್‌ಪಿ ಬಂದರನ್ನು 2052ರವರೆಗೆ ನಡೆಸುವ ಹಕ್ಕುಳ್ಳ ಕಂಪನಿ. ಕಂಟೇನರ್ ಅಷ್ಟೇ ಅಲ್ಲ, ಪ್ರವಾಸಿ (ಕ್ರೂಸ್) ಹಡಗು, ಕಾರು ಟರ್ಮಿನಲ್, ಹಡಗು ದುರಸ್ತಿ, ದ್ವೀಪಗಳಿಗೆ ಹೋಗುವ ಫೆರಿ ಎಲ್ಲವೂ ಅದರ ಕೈಯಲ್ಲಿ.

ಈಗ ಸ್ವಲ್ಪ ನಿಧಾನಿಸಿ ನೋಡಿ. 2009ರಿಂದ ಪಿಸಿಟಿ ಬಾಡಿಗೆ ಕಟ್ಟುತ್ತಿದ್ದದ್ದು ಯಾರಿಗೆ? ಒಎಲ್‌ಪಿಗೆ. ಪಿಸಿಟಿ ಕಾಸ್ಕೊದ್ದು. 2016ರ ಆಗಸ್ಟ್ ನಂತರ ಒಎಲ್‌ಪಿಯೂ ಕಾಸ್ಕೊದ್ದೇ. ಬಾಡಿಗೆದಾರ ಮನೆಯನ್ನೇ ಕೊಂಡಂತಾಯಿತು, ಬಾಡಿಗೆಯ ಬಹುಪಾಲು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಗ್ರೀಸ್ ಸರ್ಕಾರಕ್ಕೆ ಉಳಿದದ್ದು ಒಎಲ್‌ಪಿ ಆದಾಯದ ಶೇ 3.5ರ ಶುಲ್ಕ (ಮೊದಲು ಅದು ಶೇ 2 ಇತ್ತು), ತೆರಿಗೆ, ಮತ್ತು ಎರಡೂ ಕಂತು ಮುಗಿದ ಮೇಲೆ ಸುಮಾರು ಶೇ 7ರಷ್ಟು ಷೇರು. ಅಳತೆಗೋಲಾಗಿದ್ದ 1ನೇ ಧಕ್ಕೆಯೂ ಇದರೊಂದಿಗೇ ಹೋಯಿತು.

ರಾಟರ್‌ಡ್ಯಾಮ್, ಆಂಟ್‌ವರ್ಪ್‌ನಂಥ ಬಂದರುಗಳಲ್ಲಿ ಜಾಗದ ಹಿಡಿತ ಸಾರ್ವಜನಿಕ ಪ್ರಾಧಿಕಾರದಲ್ಲೇ ಉಳಿಯುತ್ತದೆ, ಒಂದೊಂದು ಟರ್ಮಿನಲ್ ಒಬ್ಬೊಬ್ಬರಿಗೆ ಗುತ್ತಿಗೆ ಹೋಗುತ್ತದೆ. ಒಬ್ಬ ಗುತ್ತಿಗೆದಾರ ಜಗ್ಗಾಡಿದರೆ ಪಕ್ಕದವನಿದ್ದಾನೆ. 2008ರಲ್ಲಿ ಗ್ರೀಸ್ ಈ ದಾರಿಯಲ್ಲಿ ಅರ್ಧ ನಡೆದಿತ್ತು. ಕ್ರೂಸ್ ಟರ್ಮಿನಲ್ ಒಬ್ಬರಿಗೆ, ಕಾರು ಧಕ್ಕೆ ಇನ್ನೊಬ್ಬರಿಗೆ ಕೊಟ್ಟು ಮುಂದುವರಿಯಬಹುದಿತ್ತು. ಅದಕ್ಕೆ ಕಾಲ ಬೇಕು, ತಾಳ್ಮೆ ಬೇಕು, ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರಬಾರದು. ಷೇರು ಮಾರಿದರೆ ಹಣ ಒಂದೇ ದಿನಕ್ಕೆ ಬರುತ್ತದೆ. 2008ರ ಗುತ್ತಿಗೆಯನ್ನು ಒಳ್ಳೆಯ ವ್ಯವಹಾರವೆಂದು ಒಪ್ಪುವ ನಾನು 2016ರದ್ದನ್ನು ಒಪ್ಪಲಾರೆ. ಮೊದಲನೆಯದರಲ್ಲಿ ಸರ್ಕಾರ ಸರಕಿನ ಅಪಾಯವನ್ನು ಮಾರಿತು. ಎರಡನೆಯದರಲ್ಲಿ ಮುಂದೆಂದೋ ಎದುರು ಮಾತಾಡುವ ಶಕ್ತಿಯನ್ನೇ ಮಾರಿತು.

ಈ ಶಕ್ತಿ ಹೋದದ್ದು ಐದೇ ವರ್ಷದಲ್ಲಿ ತಿಳಿಯಿತು. 2021ರ ಹೊತ್ತಿಗೆ ಕಡ್ಡಾಯ ಹೂಡಿಕೆಗಳು ಮುಗಿದಿರಲಿಲ್ಲ. ಅವುಗಳಲ್ಲಿ ದೊಡ್ಡದು ಪ್ರವಾಸಿ ಹಡಗುಗಳ ಟರ್ಮಿನಲ್ ವಿಸ್ತರಣೆ. ಅನುಮತಿಗಳು ತಡವಾದವು ಎಂದು ಕಂಪನಿಯ ವಾದ; ಪರಿಸರ, ಪುರಾತತ್ವದ ತಕರಾರುಗಳಿದ್ದದ್ದೂ ನಿಜ. ಷರತ್ತು ತುಂಬದಿದ್ದರೆ ಶೇ 16 ಕೊಡುವಂತಿರಲಿಲ್ಲ. ಒಪ್ಪಂದವನ್ನೇ ತಿದ್ದಿದರು: ಷೇರು ಈಗಲೇ ತಗೊಳ್ಳಿ, ಕೆಲಸ ಮುಗಿಸಲು ಇನ್ನೈದು ವರ್ಷ. ಕಾಸ್ಕೊ ಪಾಲು ಶೇ 67ಕ್ಕೇರಿತು. 2022ರಲ್ಲಿ ಗ್ರೀಸ್‌ನ ಉನ್ನತ ಆಡಳಿತ ನ್ಯಾಯಾಲಯ, ಸರಿಯಾದ ಪರಿಸರ ಮೌಲ್ಯಮಾಪನ ಆಗಿಲ್ಲವೆಂದು ಕ್ರೂಸ್ ವಿಸ್ತರಣೆಗೆ ತಡೆಯೊಡ್ಡಿತು.

ಕಂಟೇನರ್ ಧಕ್ಕೆ ಬೇಗ ಬೇಗ ಎದ್ದು ನಿಂತದ್ದು, ಕ್ರೂಸ್ ಟರ್ಮಿನಲ್ ತೆವಳಿದ್ದು, ಎರಡೂ ಒಬ್ಬನೇ ಹೂಡಿಕೆದಾರನ ಕಾಲದಲ್ಲಿ. ಅನುಮತಿಯ ತೊಡಕು ಒಂದು ಕಾರಣವಿರಬಹುದು. ಕಂಟೇನರ್ ಧಕ್ಕೆ ತನ್ನ ಹಡಗಿಗೆ ಬೇಕಾದದ್ದಾಗಿತ್ತು, ಕ್ರೂಸ್ ಧಕ್ಕೆ ಒಪ್ಪಂದಕ್ಕೆ ಬೇಕಾದದ್ದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಕ್ರೇನ್ ಕೆಳಗಿನವರು

ಹಳೇ ಒಎಲ್‌ಪಿ ಕಾರ್ಮಿಕರಿಗೆ ಸಾಮೂಹಿಕ ಒಪ್ಪಂದ, ಭದ್ರತೆ ಇದ್ದವು. ಪಿಸಿಟಿ ತನ್ನ ಧಕ್ಕೆಗಳಲ್ಲಿ ಉಪಗುತ್ತಿಗೆದಾರರ ಮೂಲಕ ಕೆಲಸ ಮಾಡಿಸಿತು. ಒಂದೇ ಬಂದರು, ಒಂದೇ ಕೆಲಸ, ಎರಡು ಬಗೆಯ ನೌಕರಿ. 2014ರಲ್ಲಿ ಈ ಕಾರ್ಮಿಕರು ಸಂಘ ಕಟ್ಟಿಕೊಂಡರು. 2021ರ ಅಕ್ಟೋಬರ್‌ನಲ್ಲಿ 2ನೇ ಧಕ್ಕೆಯಲ್ಲಿ ಕಾರ್ಮಿಕರೊಬ್ಬರು ಅಪಘಾತದಲ್ಲಿ ಸತ್ತಾಗ ಟರ್ಮಿನಲ್ ದಿನಗಟ್ಟಲೆ ನಿಂತಿತು. ಬೇಡಿಕೆಗಳು ಏನಿದ್ದವು ನೋಡಿ: ಒಂದು ಪಾಳಿ ಮುಗಿಸಿ ತಕ್ಷಣ ಇನ್ನೊಂದಕ್ಕೆ ಹೋಗುವ ಪದ್ಧತಿ ನಿಲ್ಲಿಸಿ, ತಂಡದಲ್ಲಿ ನಾಲ್ಕರ ಬದಲು ಆರು ಜನ ಹಾಕಿ, ಸುರಕ್ಷತಾ ಸಮಿತಿ ಮಾಡಿ. ಗಂಟೆಗೆ 30 ಪೆಟ್ಟಿಗೆ ಎಂಬ ಅಂಕಿಯ ಇನ್ನೊಂದು ಮುಖ ಇದು. ಹೂಡಿಕೆಯ ವರದಿಗಳಲ್ಲಿ ಧಕ್ಕೆಯ ಉದ್ದವಿರುತ್ತದೆ, ಕ್ರೇನ್‌ಗಳ ಸಂಖ್ಯೆ ಇರುತ್ತದೆ. ಒಂದು ಕ್ರೇನ್ ಹಿಂದೆ ಎಷ್ಟು ಜನ ಎಂಬುದು ಇರುವುದಿಲ್ಲ.

ಹಳಿ ಕೊಚ್ಚಿಹೋದ ಮೇಲೆ

ಟ್ರಾನ್ಸ್‌ಶಿಪ್‌ಮೆಂಟ್‌ನ ಚಂಚಲತೆಗೆ ಮದ್ದು ಒಳನಾಡಿನ ಸರಕು. ಅದಕ್ಕೆ ರೈಲು ಬೇಕು. 2013ರಲ್ಲಿ ಧಕ್ಕೆಯಿಂದ ಅಥೆನ್ಸ್ ಪಕ್ಕದ ಥ್ರಿಯಾಸಿಯೊ ಬಯಲಿನವರೆಗೆ ಹಳಿ ಜೋಡಣೆಯಾಯಿತು, ಕಂಪ್ಯೂಟರ್ ಕಂಪನಿ ಹ್ಯೂಲೆಟ್ ಪ್ಯಾಕರ್ಡ್ ತನ್ನ ಮಾಲನ್ನು ಈ ಮಾರ್ಗದಲ್ಲಿ ಮಧ್ಯ ಯುರೋಪಿಗೆ ಕಳಿಸತೊಡಗಿತು. ಬಾಲ್ಕನ್ ದಾಟಿ ಬುಡಾಪೆಸ್ಟ್ ಮುಟ್ಟುವ ಕನಸು ದೊಡ್ಡದೇ. ಆ ಕನಸಿನ ಸರಪಳಿಯಲ್ಲಿ ಸರ್ಬಿಯಾದ ಬೆಲ್‌ಗ್ರೇಡ್‌-ನೋವಿಸಾದ್ ತುಂಡು ಮಾತ್ರ 2022ರಲ್ಲಿ ತೆರೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಚಂಡಮಾರುತ ಮಧ್ಯ ಗ್ರೀಸ್‌ನ ಥೆಸಲಿ ಬಯಲನ್ನು ಮುಳುಗಿಸಿ, ಅಥೆನ್ಸ್‌ನಿಂದ ಉತ್ತರಕ್ಕೆ ಹೋಗುವ ಮುಖ್ಯ ಹಳಿಯನ್ನೇ ಕೊಚ್ಚಿಕೊಂಡು ಹೋಯಿತು. ಟರ್ಮಿನಲ್ ಎಷ್ಟೇ ಆಧುನಿಕವಾಗಿರಲಿ, ಅದರ ಗೇಟಿನಾಚೆಗಿನ ಹಳಿ ಬೇರೆಯವರದು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಸಮುದ್ರದ ಕಡೆಯಿಂದಲೂ ಹೊಡೆತ ಬಿತ್ತು. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾಗಿ ದೊಡ್ಡ ಲೈನ್‌ಗಳು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಸುತ್ತತೊಡಗಿದವು. ಆ ದಾರಿಯಲ್ಲಿ ಬರುವ ಹಡಗು ಮೆಡಿಟರೇನಿಯನ್‌ಗೆ ಕಾಲಿಡುವುದು ಜಿಬ್ರಾಲ್ಟರ್ ಕಡೆಯಿಂದ. ಎದುರಿಗೆ ಮೊದಲು ಸಿಗುವುದು ಮೊರಾಕ್ಕೊದ ಟ್ಯಾಂಜಿಯರ್ ಮೆಡ್. 2020ರಲ್ಲೇ ಪಿರೇಯಸ್‌ನ ಮೊದಲ ಸ್ಥಾನ ಕಸಿದುಕೊಂಡು, 2021ರಲ್ಲಿ 70 ಲಕ್ಷ ಟಿಇಯು ದಾಟಿದ ಬಂದರು. ಹೆಬ್ಬಾಗಿಲಾಗಿದ್ದ ಪಿರೇಯಸ್ ರಾತ್ರೋರಾತ್ರಿ ಹಿತ್ತಲ ಬಾಗಿಲಾಯಿತು.

ಟ್ರಾನ್ಸ್‌ಶಿಪ್‌ಮೆಂಟ್‌ನ ನಿಯಮದ ಪ್ರಕಾರ ಆಗ ಪಿರೇಯಸ್ 2008ರಂತೆ, ತಾರಾಂತೊದಂತೆ ಖಾಲಿಯಾಗಬೇಕಿತ್ತು. 2023ರಲ್ಲಿ ಸುಮಾರು 51 ಲಕ್ಷ ಟಿಇಯು ಇದ್ದದ್ದು 2024ರಲ್ಲಿ ಇಳಿಯಿತು, ಆದರೆ ಕುಸಿಯಲಿಲ್ಲ. ಸುತ್ತು ದಾರಿಯಾದರೂ ಹಡಗುಗಳು ಬಂದವು. ಬೇರೆ ಲೈನ್‌ಗಳ ಪಾಲು ಅದರಲ್ಲಿತ್ತು, ನಿಜ. ಆದರೆ ಧಕ್ಕೆ ಕಟ್ಟಿದವನ ಹಡಗುಗಳಿಗೆ ಬೇರೆಡೆ ಹೋಗಲು ಕಾರಣ ಕಡಿಮೆಯಿತ್ತು.

2025ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ಚೀನಾ ಸೇನೆಯ ಜೊತೆ ನಂಟುಳ್ಳವೆಂದು ತಾನು ಹೇಳುವ ಕಂಪನಿಗಳ ಪಟ್ಟಿಗೆ ಕಾಸ್ಕೊ ಹೆಸರನ್ನೂ ಸೇರಿಸಿತು. ಪಿರೇಯಸ್‌ಗೆ ಇದರಿಂದ ಏನಾಗುತ್ತದೆ ಎಂಬ ಚರ್ಚೆ ಅಥೆನ್ಸ್‌ನಲ್ಲಿ ಮತ್ತೆ ಮೇಲೆದ್ದಿತು. ಚರ್ಚಿಸುವ ಸರ್ಕಾರದ ಕೈಯಲ್ಲಿರುವುದು ಶೇ 7ರಷ್ಟು ಷೇರು. ಗುತ್ತಿಗೆ ಮುಗಿಯಲು ಇನ್ನೂ 27 ವರ್ಷ ಬಾಕಿ ಇತ್ತು.